ಮಂಜಿನಲ್ಲಿ ಎರಡೇ ಕೂಗು

ಹೂಂ ಅನ್ನೋ ಬಾಯಿ ಒಂದಾದರೂ ಇದೆಯಾ ಇಲ್ಲಿ? ಇದ್ದರೆ ಹೇಳ್ತೇನೆ. ಹೂಂಗುಟ್ಟೋರಿಲ್ಲದೆ ಹೇಳಿದ ಕಥೆ ಹೇಳಿದವನನ್ನೇ ತಿಂದುಬಿಡ್ತದಂತೆ. ನನಗೆ ಇನ್ನೂ ನಾಲ್ಕು ದಿನ ಗಂಜಿ ಕುಡಿಯೋ ಆಸೆ ಇದೆ ಮಾರಾಯ್ರೆ.

ಹಾಂ, ಹಾಗೆ. ಕೇಳಿ.

ಒಂದಾನೊಂದು ಸೀಮೆ. ಅದರ ಹೆಸರು ಕೇಳಬೇಡಿ, ಹೆಸರಿಗಾಗಿಯೇ ಅಲ್ಲಿಯವರು ಹೊಡೆದಾಡಿ ಸತ್ತರು. ಆ ಸೀಮೆಗೊಬ್ಬ ರಾಜ, ರಾಜನಿಗೆ ಇಬ್ಬರು ಗಂಡುಮಕ್ಕಳು. ರಾಜ ಕಣ್ಣು ಮುಚ್ಚಿದ್ದೇ ತಡ, ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ದೊಡ್ಡವನು ಘಟ್ಟದ ಮೇಲಿನ ನಾಡು ಹಿಡಿದ. ಚಿಕ್ಕವನು ಕಡಲ ಕರೆ ಹಿಡಿದ. ಎರಡೂ ಕಡೆಯವರದು ಒಂದೇ ಮಾತು, ಒಂದೇ ದೇವರು. ಆದರೂ ಕತ್ತಿ ಹಿರಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಾಗೆ ಬಡವಾದದ್ದು ಯಾರು? ಮೀನು ಹಿಡಿದು ಬದುಕೋ ಜನ.

ಆ ಕಡಲ ಕರೆಯ ಒಂದು ಕೊಲ್ಲಿಯಲ್ಲಿ ಅಂಥವರ ಊರು. ಊರಿಗೆ ನಾಲ್ಕೇ ನಾಲ್ಕು ದೊಡ್ಡ ದೋಣಿ. ಅಲ್ಲಿ ಶೇಷಿ ಅಂತ ಒಬ್ಬ ಮುದುಕಿ, ಅವಳಿಗೆ ಇಬ್ಬರು ಮಕ್ಕಳು. ದೊಡ್ಡವ ಬಚ್ಚ, ಚಿಕ್ಕವ ಸೂರ. ಇಬ್ಬರೂ ತಂಡೇಲರು, ಅಂದರೆ ಒಂದೊಂದು ದೋಣಿಯ ಯಜಮಾನರು. ಬಚ್ಚನಿಗೆ ಮಾತು ಕಡಿಮೆ. ಸೂರನೋ, ಮೀನಿಗೂ ನಗು ಬರಿಸೋವಂಥವ.

ಒಂದು ದಿನ ಚಿಕ್ಕರಾಜನ ಸರದಾರ ಬಂದ. "ನಿಮ್ಮ ದೋಣಿ ಇನ್ನು ಮೇಲೆ ದೋಣಿ ಅಲ್ಲ. ಯುದ್ಧದ ಹಡಗು" ಅಂದ.

ಸೂರ ಕೈ ಮುಗಿದು ಹೇಳಿದ, "ಒಡೆಯಾ, ಬೆಕ್ಕಿಗೆ ಹುಲಿಯ ಬಣ್ಣ ಬಳಿದರೆ ಇಲಿ ಹೆದರೀತು. ಹುಲಿ ಹೆದರ್ತದಾ?"

ಸರದಾರನಿಗೆ ನಗು ಬರಲಿಲ್ಲ. ಬಲೆ ಇಳಿಸಿದರು. ಉಪ್ಪು ಇಳಿಸಿದರು. ಮೀನಿನ ಬುಟ್ಟಿ ಇಳಿಸಿದರು. ಗುಡ್ಡದ ಕೋಟೆಯಲ್ಲಿ ತುಕ್ಕು ಹಿಡಿದು ಕೂತಿದ್ದ ಫಿರಂಗಿಗಳನ್ನು ತಂದು ದೋಣಿಗೊಂದರಂತೆ ಮೂತಿಯಲ್ಲಿ ಕಟ್ಟಿದರು. ಮೀನು ತುಂಬುತ್ತಿದ್ದ ಜಾಗದಲ್ಲಿ ಮದ್ದು ತುಂಬಿದರು. ಎಷ್ಟು ತೊಳೆದರೂ ಬಂಗಡೆ ವಾಸನೆ ಹೋಗ್ತದೆಯೇ? ಗುಂಡಿಗೂ ಹತ್ತಿತು, ಗುಂಡು ಹೊತ್ತವರಿಗೂ ಹತ್ತಿತು. "ವೈರಿಯ ಹಡಗಿಗೆ ನಾಲ್ಕು ಬೆಕ್ಕು ಬಂದರೆ ಅದು ನಮ್ಮ ಗೆಲುವು" ಅಂದ ಸೂರ. ಅವ್ವಂದಿರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು, ನಗುತ್ತಲೇ ಅತ್ತರು.

ಇಲ್ಲಿ ಒಂದು ಮಾತು ಹೇಳಬೇಕು. ಕಿವಿ ಕೊಟ್ಟು ಕೇಳಿ. ಕಥೆ ನಿಂತಿರೋದೇ ಇದರ ಮೇಲೆ.

ಆ ಊರಲ್ಲಿ ಒಂದು ಕಟ್ಟು. ಕಡಲಲ್ಲಿ ಮಂಜು ಕವಿದಾಗ ನೀರಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಓ ಅನ್ನಬಾರದು. ಎರಡನೇ ಸಲ ಕೂಗಿದರೂ ಅನ್ನಬಾರದು. ಮೂರನೇ ಕೂಗಿಗೆ ಮಾತ್ರ ಓ ಅನ್ನಬೇಕು. ಯಾಕೆ? ಮುಳುಗಿ ಸತ್ತವರಿಗೆ ಉಸಿರು ಎರಡು ಕೂಗಿನಷ್ಟೇ ಉಳಿದಿರ್ತದೆ. ಮೂರನೇದು ಬದುಕಿದವರ ಕೂಗು. ಎರಡಕ್ಕೇ ಓ ಅಂದವನು ನೀರಿಗೆ ಹೋಗ್ತಾನೆ. ಮೊಲೆ ಬಿಡಿಸೋ ಮೊದಲೇ ಅಲ್ಲಿಯ ಮಕ್ಕಳಿಗೆ ಇದನ್ನು ಕಲಿಸ್ತಿದ್ದರು.

ಹೂಂ. ಮುಂದೆ ಏನಾಯ್ತು?

ಚಿಕ್ಕರಾಜನ ಪೇಟೆಗೆ ಅನ್ನ ಇಲ್ಲ. ದಕ್ಷಿಣದಿಂದ ಅಕ್ಕಿ ತುಂಬಿದ ಒಂದು ಪಡಾವು, ಅಂದರೆ ಹಾಯಿಹಡಗು, ಬರಬೇಕು. ಅದಕ್ಕೆ ಕಾವಲು ಯಾರು? ಬಂಗಡೆ ವಾಸನೆಯ ನಾಲ್ಕು ದೋಣಿ. ಹೊರಟ ದಿನ ಶೇಷಿ ಬಚ್ಚನ ಕೈ ಹಿಡಿದು, "ತಮ್ಮನ ಮೇಲೆ ಕಣ್ಣಿರಲಿ ಮಗಾ. ಅವನಿಗೆ ಹೆದರಿಕೆ ಅಂದರೆ ಎಂತ ಅಂತ ಗೊತ್ತಿಲ್ಲ" ಅಂದಳು. ಬಚ್ಚ "ಆಯ್ತು ಅಬ್ಬೆ" ಅಂದ. ಅವರ ಕಡೆ ತಾಯಿಗೆ ಅಬ್ಬೆ ಅಂತಾರೆ.

ಹಾಡಹಗಲು. ಅಕ್ಕಿಯ ಪಡಾವು ನಡುವೆ, ಎರಡು ದೋಣಿ ಆಚೆ, ಎರಡು ದೋಣಿ ಈಚೆ. ಬಿಸಿಲಿದ್ದಲ್ಲಿ ಒಮ್ಮೆಗೇ ಮಂಜು. ಹಾಲು ಚೆಲ್ಲಿದ ಹಾಗೆ. ಮಂಜಿನೊಳಗಿಂದ ಒಂದು ಕರಿ ಗೋಡೆ ಎದ್ದು ಬಂತು. ಗೋಡೆ ಅಲ್ಲ, ದೊಡ್ಡರಾಜ ಪರದೇಶದವರಿಂದ ಕೊಂಡ ಕಬ್ಬಿಣದ ಹಡಗು.

ದೋಣಿಯವರು ಹೊಡೆದರು. ಹೊಡೆದ ಪೆಟ್ಟಿಗೆ ಹಡಗು ಅಲುಗಲಿಲ್ಲ, ಅವರ ದೋಣಿಯದೇ ಹಲಗೆ ಬಿಟ್ಟಿತು. ಬಡವನ ಕೋಪ ದವಡೆಗೆ ಮೂಲ. ಹಡಗು ಒಮ್ಮೆ ಹೊಡೆಯಿತು, ಒಂದು ದೋಣಿ ಉರಿಯಿತು. ಎರಡನೇ ಸಲ ಹೊಡೆಯಿತು, ಒಂದು ದೋಣಿ ಸೀಳಿತು. ಮೂರನೇ ಸಲ ಹೊಡೆದಾಗ ಸೂರನ ದೋಣಿ ಮೂತಿ ಕೆಳಗಾಗಿ ನೀರಿಗೆ ಇಳಿಯಿತು. ಬಚ್ಚ ಕಣ್ಣಾರೆ ಕಂಡ. ಅಷ್ಟರಲ್ಲಿ ಮಂಜು ಇನ್ನೂ ದಪ್ಪವಾಗಿ ನಡುವೆ ಕವಿಯಿತು.

ಸದ್ದಿಲ್ಲ. ಗಾಳಿಯಿಲ್ಲ. ಮೂಗಿನೆದುರು ಹಿಡಿದ ಕೈ ಕಾಣೋದಿಲ್ಲ. ಬಚ್ಚನ ದೋಣಿ, ಹಿಂದೆ ಅಕ್ಕಿಯ ಪಡಾವು, ಎರಡೂ ಉಸಿರು ಬಿಗಿಹಿಡಿದು ನಿಂತವು.

ಆಗ ಕೇಳಿಸಿತು.

"ಅಣ್ಣಾ..."

ಸೂರನ ದನಿ. ಬಚ್ಚ ಓ ಅನ್ನೋಕೆ ಬಾಯಿ ತೆರೆದ. ಹುಟ್ಟು ಹಾಕುತ್ತಿದ್ದ ಮುದುಕ ಗಿರಿಯ ಅವನ ಬಾಯಿಗೇ ಕೈ ಒತ್ತಿದ. "ತಡಿ ತಂಡೇಲ. ಅವನ ದೋಣಿ ಹೋದದ್ದು ನೀನೇ ಕಂಡಿದ್ದೀಯ" ಅಂತ ಕಿವಿಯಲ್ಲಿ ಉಸುರಿದ.

"ಅಣ್ಣಾ... ಬಚ್ಚಣ್ಣಾ..."

ಎರಡಾಯ್ತು. ಇನ್ನೊಂದು ಕೂಗು ಬಂದರೆ ಸಾಕು, ಓ ಅಂತಾನೆ. ನೀರಿಗೇ ಹಾರ್ತಾನೆ. ಬಚ್ಚ ಕಾದ. ದೋಣಿಯವರೆಲ್ಲ ಕಾದರು. ಬರಲಿಲ್ಲ ನೋಡಿ. ಮೂರನೇದು ಬರಲೇ ಇಲ್ಲ. ಏನೋ ದುಡುಮ್ ಅಂತ ನೀರಿಗೆ ಬಿದ್ದ ಸದ್ದು ಬಂತು, ಅಷ್ಟೆ.

ಸದ್ದಿಲ್ಲದೆ ಹುಟ್ಟು ಹಾಕಿ ತೇಲಿಕೊಂಡು ಹೋದರು. ಪೇಟೆಗೆ ಅಕ್ಕಿ ಮುಟ್ಟಿತು. ಬಚ್ಚ ಮನೆಗೆ ಬಂದ.

ಶೇಷಿ ಕೇಳಿದಳು, "ಎಷ್ಟು ಸಲ ಕೂಗಿದ?"

"ಎರಡು ಸಲ, ಅಬ್ಬೆ."

"ಮೂರನೇದು?"

"ಇಲ್ಲ."

ಮುದುಕಿ ಎದ್ದು ಹೋಗಿ ಅನ್ನ ಬಡಿಸಿದಳು. ಆದರೆ ಬಚ್ಚನಿಗೆ ಅನ್ನ ಇಳಿಯಲಿಲ್ಲ. ಸತ್ತವನೇ ಕೂಗಿದ್ದಾದರೆ ಸರಿ. ಬದುಕಿದ್ದು, ಮೂರನೇದಕ್ಕೆ ತ್ರಾಣ ಸಾಲದೆ ಮುಳುಗಿದ್ದರೆ? ಕಟ್ಟು ಕಾಯೋಕೆ ಹೋಗಿ ತಮ್ಮನನ್ನೇ ಕೊಂದನೇ? ಯಾರಿಗೆ ಗೊತ್ತು? ಯಾರನ್ನು ಕೇಳೋದು?

ಇನ್ನು ಹೇಳೋದು ಕೇಳಿ ಹೆದರಬೇಡಿ. ಹೆದರಿದರೂ ಹೂಂ ಅನ್ನೋದು ಬಿಡಬೇಡಿ.

ಮುಂದಿನ ಮಂಜು ಕೊಲ್ಲಿಗೇ ಬಂತು. ಬೆಳಿಗ್ಗೆ ಹೆಂಗಸರು ದಡದಲ್ಲಿ ಚಿಪ್ಪು ಹೆಕ್ಕುತ್ತಿದ್ದರು. ನೀರಿನ ಕಡೆಯಿಂದ "ಅಣ್ಣಾ" ಅಂತ ಕೇಳಿತು. ಮತ್ತೆ "ಬಚ್ಚಣ್ಣಾ" ಅಂತ. ಬುಟ್ಟಿ ಬಿಟ್ಟು ಓಡಿದರು. ಎರಡನೇ ಮಂಜಿಗೂ ಹಾಗೇ. ಮೂರನೇ ಮಂಜಿಗೂ ಹಾಗೇ. ಎರಡು ಕೂಗು, ಆಮೇಲೆ ಕಿವಿ ನೋಯುವಷ್ಟು ಮೌನ. ನಾಯಿಗಳು ಕೂಡ ಬೊಗಳಲಿಲ್ಲ, ಬಾಲ ಮುದುರಿ ಒಲೆ ಪಕ್ಕ ಸೇರಿದವು. ಬಚ್ಚ ಕಿವಿಗೆ ಅರಳೆ ತುರುಕಿಕೊಂಡು ಚಾಪೆ ಮೇಲೆ ಮುದುಡಿ ಮಲಗುತ್ತಿದ್ದ. ಶೇಷಿ ಮಾತ್ರ ಪ್ರತಿ ಮಂಜಿಗೂ ದಡಕ್ಕೆ ಹೋಗಿ ಮೂರನೇದಕ್ಕೆ ಕಾಯುತ್ತಿದ್ದಳು. ಸೂರನ ಹೆಸರಲ್ಲಿ ಕಾಗೆಗೆ ಅನ್ನ ಇಡೋಕೆ ಅವಳು ಯಾರಿಗೂ ಬಿಡಲಿಲ್ಲ.

ಯುದ್ಧ ಮುಗಿಯಿತು. ಯಾರು ಗೆದ್ದರು ಅಂತೀರಾ? ಯಾರೋ ಗೆದ್ದರಪ್ಪ. ಉಳಿದ ಒಂದೇ ದೋಣಿಯ ಫಿರಂಗಿ ಬಿಚ್ಚಿದರು, ಬಲೆ ಏರಿಸಿದರು. ಬಂಗಡೆ ವಾಸನೆ ಮೊದಲೇ ಇತ್ತು.

ಒಂದು ಮಧ್ಯಾಹ್ನ ಘಟ್ಟದ ಮೇಲಿನವನೊಬ್ಬ ಕೇಳಿಕೊಂಡು ಬಂದ. ಭರಮ ಅಂತ ಹೆಸರು. ಅಂಗಳದಲ್ಲಿ ನಿಂತವನು ಒಳಗೆ ಕಾಲಿಡಲಿಲ್ಲ. ಶೇಷಿಯೂ ಬಚ್ಚನೂ ಹೊರಗೆ ಬಂದರು.

"ಅವ್ವಾ, ನಾ ಆ ಕಬ್ಬಿಣದ ಹಡಗಿನ್ಯಾಗ ಇದ್ದೆ" ಅಂದ. "ನಿನ್ನ ಮಗನ್ನ ನೀರಿನಿಂದ ಎತ್ತಿದವರು ನಾವು. ಜೀವ ಇತ್ತು. ಚಲೋನ ಇತ್ತು."

ಬಚ್ಚ ಅವನ ಎದುರಿಗೇ ಬಂದು ನಿಂತ.

"ಮಂಜಿನ್ಯಾಗ ನಿಮ್ಮ ದೋಣಿ ಎಲ್ಲೈತಿ ಅಂತ ನಮಗ ಕಾಣವಲ್ದು. ನಮ್ಮ ಹಡಗಿನ ದೊಡ್ಡವ, ಆ ದೋಣ್ಯಾಗ ಇವನ ಅಣ್ಣ ಅದಾನ ಅಂತ ತಿಳಕೊಂಡು, ಇವನ್ನ ಹಡಗಿನ ಮೂತಿಗೆ ಕಟ್ರಿ, ಅಣ್ಣನ್ನ ಕೂಗಸ್ರಿ, ಓ ಅಂದ ಕಡೆ ಫಿರಂಗಿ ಹಾರಸ್ರಿ ಅಂದ. ಇಂವ ಒಂದು ಸಲ ಕೂಗಿದ. ಎರಡು ಸಲ ಕೂಗಿದ. ಬಾಯಿ ಮುಚ್ಚಿದ. ಇನ್ನೊಂದು ಸಲ ಕೂಗೋ ಲೇ ಅಂತ ಬಡದರು, ಕೂಗಲಿಲ್ಲ. ಕುತ್ತಿಗಿಗೆ ಕತ್ತಿ ಇಟ್ಟರು, ಕೂಗಲಿಲ್ಲ. ಕಡೀಕ ಕೈಕಾಲು ಕಟ್ಟಿದ್ದಂಗ ನೀರಿಗೆ ಬಿಡ್ರಿ ಅಂದರು. ಹಗ್ಗ ಕೊಯ್ದಾಂವ ನಾನ, ಅವ್ವಾ."



"ಅವನ ಮುಖ ಹೇಗಿತ್ತು?" ಕೇಳಿದಳು ಶೇಷಿ.

"ನಗತಿದ್ದ. ಯಾಕ ನಗತಾನ ಅಂತ ಇವತ್ತಿಗೂ ನಮಗ ತಿಳದಿಲ್ಲ."

ತಿಳಿಯೋದು ಹೇಗೆ? ಘಟ್ಟದ ಮೇಲಿನವರಿಗೆ ಕಡಲಿನ ಕಟ್ಟು ಗೊತ್ತೇ? ನಿಮಗೆ ತಿಳಿಯಿತು ತಾನೆ? ಎರಡೇ ಕೂಗಿದರೆ ಅಣ್ಣ ಓ ಅನ್ನೋದಿಲ್ಲ ಅಂತ ಅವನಿಗೆ ಗೊತ್ತಿತ್ತು. ತಾನು ಬದುಕಿದ್ದೂ ಸತ್ತವನ ಲೆಕ್ಕದಲ್ಲಿ ಕೂಗಿದ. ಪುಣ್ಯಾತ್ಮ.

ಶೇಷಿ ಎದೆ ಬಡಿದುಕೊಂಡು ಅತ್ತಳು. ಎಷ್ಟೋ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿ ಮಗನಿಗೆ ಹೇಳಿದಳು, "ಬಚ್ಚಾ, ಅವನಿನ್ನೂ ಎರಡಕ್ಕೇ ಯಾಕೆ ನಿಲ್ಲಿಸ್ತಾನೆ ಗೊತ್ತಾಯ್ತಾ? ಇನ್ನೂ ನಿನ್ನ ಜೀವ ಕಾಯ್ತಾ ಇದ್ದಾನೆ. ಯುದ್ಧ ಮುಗಿದದ್ದನ್ನು ಸತ್ತವರಿಗೆ ಯಾರು ಹೇಳಿದ್ದಾರೆ?"

ಮರುದಿನವೇ ಮಂಜು ಬಂತು. ಬಚ್ಚ ದೋಣಿ ನೀರಿಗೆ ತಳ್ಳಿದ. ಗಿರಿಯ ಬರಲಿಲ್ಲ, ಊರವರು ಯಾರೂ ಬರಲಿಲ್ಲ. ಹೆಂಗಸರು ದೋಣಿ ಹತ್ತಬಾರದು ಅಂತ ಆ ಊರಲ್ಲಿ ಇನ್ನೊಂದು ಕಟ್ಟು. ಶೇಷಿ ಸೀರೆ ಎತ್ತಿಕಟ್ಟಿ ಹತ್ತಿ ಕೂತಳು. ಇನ್ನೊಂದು ಹುಟ್ಟಿಗೆ ಜನ ಬೇಕಲ್ಲ? ಭರಮ ಬಂದ. ಅವನಿಗೆ ಹುಟ್ಟು ಹಿಡಿಯೋಕೂ ಬರೋದಿಲ್ಲ. ಬಚ್ಚ ಅವನ ಮುಖ ನೋಡದೆ ಹುಟ್ಟು ಕೊಟ್ಟ.

ದಡ ಕಾಣದಷ್ಟು ದೂರ ಹೋದರು. ನೀರು ಎಣ್ಣೆಯ ಹಾಗೆ ನಿಂತಿತ್ತು.

"ಅಣ್ಣಾ..."

ಬಚ್ಚ ಹುಟ್ಟು ಕೆಳಗಿಟ್ಟ.

"ಅಣ್ಣಾ... ಬಚ್ಚಣ್ಣಾ..."

ಎರಡು. ಇದಕ್ಕೆ ಓ ಅಂದವನು ನೀರಿಗೆ ಹೋಗ್ತಾನೆ. ಬಚ್ಚ ಎದ್ದು ನಿಂತು, ಎದೆ ಬಿರಿಯೋ ಹಾಗೆ ಕೂಗಿದ:

"ಓ ತಮ್ಮಾ! ಇಲ್ಲಿದ್ದೇನೆ! ಯುದ್ಧ ಮುಗೀತು ಮಾರಾಯ. ಫಿರಂಗಿ ಇಲ್ಲ, ಯಾರೂ ಹೊಡೆಯೋದಿಲ್ಲ. ಕೂಗು, ಇನ್ನೊಂದು ಸಲ ಕೂಗು!"

ಮೌನ. ದೋಣಿ ಒಂದು ಬದಿಗೆ ವಾಲಿತು, ಯಾರೋ ಅಂಚು ಹಿಡಿದ ಹಾಗೆ. ಮರದ ಮೇಲೆ ಒದ್ದೆಯ ಐದು ಬೆರಳು ಮೂಡಿದವು. ಭರಮ ಕಣ್ಣು ಮುಚ್ಚಿಕೊಂಡ.

ಮೂರನೇ ಕೂಗು ಬಂತು. ಪಕ್ಕದಲ್ಲೇ, ಮೆಲ್ಲಗೆ, ದಣಿದು ಮನೆಗೆ ಬಂದವನ ದನಿಯಲ್ಲಿ. ಅದು ಅಣ್ಣಾ ಅಂತ ಇರಲಿಲ್ಲ.

"ಅಬ್ಬೇ."

"ಓ ಮಗಾ" ಅಂದಳು ಶೇಷಿ. ಆ ಒದ್ದೆ ಬೆರಳುಗಳ ಮೇಲೆ ತನ್ನ ಕೈ ಇಟ್ಟಳು. ದೋಣಿ ನೆಟ್ಟಗಾಯಿತು. ಮಂಜು ಹರಿಯಿತು. ಯಾರೂ ನೀರಿಗೆ ಹೋಗಲಿಲ್ಲ.

ಆ ಕೊಲ್ಲಿಯಲ್ಲಿ ಮತ್ತೆ ಆ ದನಿ ಕೇಳಲಿಲ್ಲ. ಆದರೆ ಅಂದಿನಿಂದ ಅಲ್ಲಿಯವರು ಮಂಜಿನಲ್ಲಿ ಮೂರನೇ ಕೂಗಿಗೆ ಕಾಯೋದಿಲ್ಲ. ಮೊದಲನೇದಕ್ಕೇ ಓ ಅಂತಾರೆ. "ಭೂತ ಆದರೆ?" ಅಂತ ಕೇಳಿದರೆ, "ಆಗಲಿ, ಅದೂ ಒಬ್ಬಳು ತಾಯಿ ಹೆತ್ತದ್ದೇ" ಅಂತಾರೆ.

ಅವರು ಆ ದಡದಲ್ಲಿ, ನಾವು ಈ ದಡದಲ್ಲಿ. ಕಥೆಗೆ ಹುಟ್ಟು ಹಾಕಿದ್ದು ನಾನು, ದಡ ಮುಟ್ಟಿಸಿದ್ದು ನಿಮ್ಮ ಹೂಂ. ಏಳಿ, ಏಳಿ, ಗಂಜಿ ಆರ್ತದೆ.