ಹಳಿ ಇಲ್ಲದ ಹೊಲದಲ್ಲಿ ಫಕೀರೇಶ

...ಅಲ್ಲ ದೊಡ್ಡವ್ವ, ಒಂದು ತಾಸು ಬಂದು ಕುರ್ಚಿ ಮ್ಯಾಲೆ ಕುಂದರೂದಕ್ಕ ಇಷ್ಟು ಹಠ ಏನು? ಭಾಷಣ ಮಾಡು ಅಂದ್ನೇನು? ನಾಳೆ ಹನ್ನೊಂದಕ್ಕ, ಕೆಂಗೇರಿ ಉಪನಗರದಾಗ, ನಮ್ಮ ಕಡಿ ಮಂದಿ ಎಲ್ಲಾ ಕೂಡ್ತಾರ. ಬ್ಯಾನರ್ ನೋಡೀಯೇನು? ‘ರಣರಂಗದಿಂದ ಮರಳಿದ ವೀರ ದುಂಡೇಶ’! ನನ್ನ ಫೋಟೋ ಆಳೆತ್ತರ! ನಿನ್ನ ಮಗ ಫಕೀರೇಶಂದೂ ಐತಿ... ಮೂಲ್ಯಾಗ, ಸಣ್ಣದು. ಫೌಜಿ ಅಂಗ್ಯಾಗ ಅವಂದು ಸಿಗಲಿಲ್ಲ, ಹಳಿ ಕೆಲಸದ ಕಿತ್ತಳಿ ಜಾಕೀಟಿಂದು ಹಾಕ್ಯಾರ. ನೀ ನನಗ ಶಾಲು ಹೊದಿಸಬೇಕು, ಅಷ್ಟ. ಸತ್ತವನ ತಾಯಿನ ಹೊದಿಸಿದ್ರ ಮಂದಿ ಬಾಯಿ ಮುಚ್ಚತೈತಿ.

ಯಾವ ಮಂದಿ? ಇಬ್ಬರು ಹೋಗಿ ಒಬ್ಬನ ಹೆಂಗ ಬಂದ ಅಂತ ಕೇಳ್ತಾರಲ್ಲ, ಆ ಮಂದಿ!

ಯಾಕ ಹಂಗ ನೋಡ್ತಿ? ನಾ ಏನು ಎಳಕೊಂಡು ಹೋದ್ನೇನು? ಕೆಂಗೇರಿ ಬಿಡದಿ ನಡುವ ಆರು ವರ್ಷ ಒಂದ ರೇಲ್ವೆ ಗ್ಯಾಂಗಿನಾಗ ಜಲ್ಲಿ ಕೆದರಿದ್ವಿ. ಗುತ್ತಿಗಿ ಕೂಲಿ, ಖಾಯಂ ಆಗೂದು ಸುಳ್ಳು. ನಾಗರಬಾವಿ ಏಜೆಂಟ, ಪರದೇಶದ ಫೌಜಿನ ಗೋದಾಮಿನಾಗ ಮೂಟಿ ಹೊರೂ ಕೆಲಸ ಅಂದ. ಹೋದ್ವಿ. ಹದಿನೈದು ದಿನಕ್ಕ ಬಂದೂಕು ಕೊಟ್ಟು ಮುಂದಕ್ಕ ನೂಕಿದ್ರು! ನಾ ಮೂರ ದಿನದಾಗ ಕಲತೆ. ಹಳ್ಳಿ ಗಂಡು ನಾ, ಹಂದಿ ಬೇಟಿ ಆಡಿದಾವ! ನಿನ್ನ ಮಗ? ಬಂದೂಕ ಸಲಿಕಿ ಹಿಡಿದಂಗ ಹಿಡಿತಿದ್ದ. ಅಲ್ಲಿ ಸಾಹೇಬರು ಬಿದ್ದು ಬಿದ್ದು ನಗತಿದ್ರು... ಅಳಬ್ಯಾಡ. ನಾನೂ ನಕ್ಕೀನಿ, ಸುಳ್ಯಾಕ ಹೇಳ್ಲಿ?

ಹೆಂಗ ಸತ್ತ? ಹೇಳೀನಲ್ಲ, ಎದಿ ಕೊಟ್ಟು ಸತ್ತ. ನಾಳೆ ಮೈಕಿನಾಗೂ ಹಂಗ ಹೇಳ್ತೀನಿ.

...ಖರೇ ಬೇಕೇನು? ಖರೇ ಕೇಳಿದ್ರ ನಗಿ ಬರ್ತೈತಿ ದೊಡ್ಡವ್ವ.

ಬಟಾಬಯಲು ಹೊಲ. ಇಬ್ಬರೂ ಒಂದೊಂದು ತಗ್ಗು ತೋಡಾಕತ್ತಿದ್ವಿ, ಇಪ್ಪತ್ತು ಮಾರು ದೂರ. ಡ್ರೋನ್ ಬಂತು. ಬಂದ್ರ ಅಲುಗಾಡಬಾರದು. ಅಲುಗಾಡಿದವನ ಮ್ಯಾಲೆ ಬಾಂಬು ಕೆಡವತೈತಿ. ಒಂದ ಬಾಂಬು ಇರತೈತಿ ಅದರಾಗ, ಒಬ್ಬಂಗ. ನಿನ್ನ ಮಗ ಏನು ಮಾಡಿದ ಅಂತಿ? ಸಲಿಕಿ ಕೆಳಗಿಟ್ಟ, ತಗ್ಗಿನಿಂದ ಎದ್ದ, ನಾಕು ಹೆಜ್ಜಿ ಬಾಜೂಕ ಸರದ, ನೆಟ್ಟಗ ನಿಂತ! ಥೇಟ್ ಗಾಡಿಗೆ ದಾರಿ ಬಿಟ್ಟಂಗ! ಎಲ್ಲಿ ಹಳಿ, ಎಲ್ಲಿ ಗಾಡಿ? ಹ್ಹಹ್ಹ... ದಡ್ಡ ಅಂದ್ರ ದಡ್ಡ...

ಯಾಕ ಎದ್ದ? ನನಗೇನು ಗೊತ್ತು! ಡ್ರೋನಿನ ಸಪ್ಪಳ ಕೇಳಿರಬೇಕು...

ಯಾಕ, ಸಪ್ಪಳಕ್ಕ ಏಳಬಾರದೇನು?

ಹೂಂ... ಅಮೀನಪ್ಪ ದೊಡ್ಡಪ್ಪ ಇಪ್ಪತ್ತೆಂಟು ವರ್ಷ ಗ್ಯಾಂಗಿನಾಗ ದುಡದಾನ. ಗಂಡನ ಕೆಲಸ ನಿನಗ ಗೊತ್ತಿಲ್ಲದ್ದೇನು. ಬಾಜೂ ಹಳಿ ಮ್ಯಾಲೆ ದಿನಾ ಎಷ್ಟೋ ಗಾಡಿ ಗುಡುಗತಾವ, ಬಗ್ಗಿ ಕೆಲಸ ಮಾಡಾಂವ ಸಪ್ಪಳಕ್ಕ ಏಳೂದಿಲ್ಲ. ಗಾಡಿ ಬರೂದು ನೋಡಾಕ ಕಾವಲಿಗೆ ನಿಂತಾಂವ ಸೀಟಿ ಊದಿದ್ರ ಮಾತ್ರ ಏಳ್ತಾನ. ಯಾಕ, ಏನು ಅಂತ ನೋಡೂದಿಲ್ಲ. ಎದ್ದು ಸರಿದು ನಿಂದರತಾನ...

ಏನರೆ ಅನ್ನು! ಬಾಯಿ ಬಿಡು! ಬೈಯಿ!

ಹೌದು. ನಮ್ಮ ಗ್ಯಾಂಗಿನಾಗ ಕಾವಲು ನಂದ ಇತ್ತು. ಅದಕ್ಕೇನೀಗ?

...ಅದು ನನ್ನ ತಲಿ ಮ್ಯಾಲ ನಿಂತಿತ್ತು ದೊಡ್ಡವ್ವ. ನೆತ್ತಿ ಮ್ಯಾಲ! ಅವನ್ನ ಕಂಡಿರಲೇ ಇಲ್ಲ ಅದು, ತಗ್ಗಿನಾಗ ಬಗ್ಗಿದ್ದ. ನಾ ಬಾಯಾಗ ಎರಡು ಬೆರಳಿಟ್ಟೆ... ಒಂದ ಸರ್ತಿ. ಒಂದ ಸರ್ತಿ ಊದಿದ್ದು.

ಎದ್ದು ನಿಂತು, ನನ್ನ ಕಡಿ ಕೈ ಎತ್ತಿದ. ಕೇಳಿಸ್ತು ಅಂತ.