ಚೆನ್ನಾಗಿ ಬಂದ ಸಾಲು

ವನಮಹೋತ್ಸವದ ಸಸಿಗಳ ಚೀಲವನ್ನು ಕಾಲಬಳಿ ಇಟ್ಟುಕೊಂಡು ಆಶಾರಾಣಿ ಮೇಡಂ ಬೇಲೂರು ಬಸ್ ನಿಲ್ದಾಣದಲ್ಲಿ ಕೂತಿದ್ದರು. ಮರ ನೆಡುವುದರ ಬಗ್ಗೆ ನಾಳೆ ಮಕ್ಕಳಿಗೆ ಹೇಳಬೇಕಾದ ನಾಲ್ಕು ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ. ತಂಗಿ ಕೇಳಿದಳು:

"ಮರ ಅಳೆಯೋರು ಬಂದಿದ್ರಂತಲ್ಲ, ಕರಿಯಣ್ಣ?"

"ಬಂದಿದ್ರು ಕಣವ್ವ. ಟೇಪು ಹಿಡ್ದು ಒಂದೊಂದರ ಸುತ್ತಳತೇನೂ ಬರ್ಕಂಡ್ರು. ಗಾಳೀಲಿ ಕಾರ್ಬನ್ ಅಂತ ಐತಂತೆ, ಮರ ಅದನ್ನ ಕುಡ್ದು ಒಳಗೇ ಇಟ್ಕಂತದಂತೆ. ದಪ್ಪ ಆದಷ್ಟೂ ಒಳ್ಳೇದಂತೆ."

"ಆ ಮರ ಇರೋದು ನಾವು ಸತ್ತೋರ್ನ ಮಣ್ಣು ಮಾಡೋ ಜಾಗ ಅಂತ ನೀನು ಹೇಳ್ಲಿಲ್ವಾ?"

"ಸಸಿಗೆ ಗುಂಡಿ ತೋಡುವಾಗ್ಲೇ ಹೇಳಿದ್ದೆ. ಅವರ ಕಾಗದದಾಗೆ ಖಾಲಿ ಜಾಗ ಅಂತ ಐತೆ."

"ನನ್ನ ಮಗಳ ತಲೆದೆಸೆಗೆ ಗುರುತಿಗೆ ಅಂತ ಒಂದು ಕಲ್ಲಿಟ್ಟಿದ್ದೆ."

"ಕಲ್ಲೆಲ್ಲ ಕಿತ್ತು ಬೇಲಿ ಪಕ್ಕ ಪೇರಿಸ್ಬುಟ್ರು."

"ಯಾವ ಮರದ ಕೆಳಗವ್ಳೆ ಅಂತಾನಾದ್ರೂ ಗೊತ್ತಾಗ್ತದಾ?"

"ಮೂಡಲ ಕಡೆ ಸಾಲಿನಾಗಿರಬೇಕು."

ಆಶಾರಾಣಿ ತಿರುಗಿ ನೋಡಲಿಲ್ಲ.

"ಅಳೆಯಾಕೆ ಬಂದಿದ್ದ ಸಾಹೇಬ್ರು ಆ ಸಾಲಿನ ಮುಂದೆ ನಿಂತ್ಕಂಡ್ರು," ಎಂದ ಅಣ್ಣ. "ಎಲ್ಲಕ್ಕಿಂತ ಇದೇ ಚೆನ್ನಾಗಿ ಬಂದೈತಲ್ಲ, ಏನು ಗೊಬ್ಬರ ಹಾಕಿದ್ರಿ ಅಂತ ಕೇಳಿದ್ರು."

"ನೀನೇನಂದೆ?"

ಗೆಂಡೆಹಳ್ಳಿ ಬಸ್ಸು ಬಂದು ನಿಂತಿತು. ಅಣ್ಣ ಎದ್ದು ತಂಗಿಯ ಗಂಟನ್ನು ತಾನೇ ಎತ್ತಿಕೊಂಡ.

"ನಾವೇನೂ ಹಾಕಿಲ್ಲ ಸ್ವಾಮಿ ಅಂದೆ. ನಡಿ, ಸೀಟು ಸಿಗಾಕಿಲ್ಲ."