ಸುಮಿತ್ರಮ್ಮಜ್ಜಿಗೆ ಮೆಟ್ಟಿಕೊಂಡ ಭಾಷೆ

"ಹಲೋ… ಯಾರು ಮಾತಾಡ್ತಿರೋದು? … ಯಾರು? … ಅಪ್ಪಾ? ಇದು ಜೀಪಿನ ದೇವೇಂದ್ರಣ್ಣನ ನಂಬರ್ ಅಲ್ವಾ? ನೀನ್ಯಾಕೆ ಇದ್ರಲ್ಲಿ ಮಾಡ್ತಿದೀಯ?"

…

ಮಂಜುಶ್ರೀ ಹಾಸನದ ಒಂದು ಬೇಕರಿಯ ಮೇಲ್ಮಹಡಿಗೆ ಹೋಗುವ ಮೆಟ್ಟಿಲ ಮೇಲೆ ನಿಂತಿದ್ದಳು. ಕೆಳಗಿನಿಂದ ಪಫ್ಸಿನ ವಾಸನೆ ಬರುತ್ತಿತ್ತು. ಈಗಷ್ಟೇ ಮೇಲಿನ ಕೋಣೆಯಲ್ಲಿ, ಟಿವಿ ಪರದೆಯ ಮೇಲೆ ಕಾಣಿಸಿಕೊಂಡ ಇಬ್ಬರು ಜಪಾನಿನವರು ಅವಳನ್ನು ಮುಕ್ಕಾಲು ಗಂಟೆ ಅವರ ಭಾಷೆಯಲ್ಲೇ ಮಾತಾಡಿಸಿ, ಕೊನೆಗೆ ತಲೆಬಾಗಿ, ತಮ್ಮೂರಿನ ವೃದ್ಧಾಶ್ರಮದ ಕೆಲಸಕ್ಕೆ ಆರಿಸಿಕೊಂಡಿದ್ದೇವೆ ಎಂದಿದ್ದರು. ಬರುತ್ತೀಯೋ ಇಲ್ಲವೋ ಈಗಲೇ ಹೇಳು ಎಂದು ಕೆಲಸ ಕೊಡಿಸುವ ಸಂಸ್ಥೆಯ ಮೇಡಂ ಪಟ್ಟು ಹಿಡಿದಾಗ, ಮನೆಯವರನ್ನು ಒಂದು ಮಾತು ಕೇಳಿ ಬರುತ್ತೇನೆಂದು ಹೊರಗೆ ಬಂದಿದ್ದಳು. ಬಂದವಳು ಫೋನ್ ಹಿಡಿದುಕೊಂಡು ನಿಂತೇ ಇದ್ದಳು. ಕೇಳುವುದು ಹಾಗಿರಲಿ, ಇಂಥದ್ದೊಂದು ನಡೆಯುತ್ತಿದೆ ಎಂದೇ ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ನರ್ಸಿಂಗ್ ಸರ್ಟಿಫಿಕೇಟು ತರಬೇಕು ಎಂದು ಸುಳ್ಳು ಹೇಳಿ ತನ್ನೂರು ಬೆಳಗೋಡಿನಲ್ಲಿ ಬಸ್ಸು ಹತ್ತಿದ್ದಳು. ಅಷ್ಟರಲ್ಲಿ ಫೋನು ತಾನಾಗಿಯೇ ಹೊಡೆದುಕೊಂಡಿತ್ತು.

…

"ಅಪ್ಪಾ, ಉಸಿರು ತಗೊಂಡು ನಿಧಾನಕ್ಕೆ ಹೇಳು. ಅಜ್ಜಿಗೆ ಏನಾಯ್ತು?"

…

"ಮಾತು ತೊದಲ್ತೈತಾ? ಬಾಯಿ ಒಂದು ಕಡೀಕೆ ವಾಲೈತಾ? … ಎರಡೂ ಕೈ ಎತ್ತು ಅನ್ನು ಅವಳಿಗೆ. … ಎತ್ತಿದ್ಲಾ?"

…

"ಎತ್ತಿ ನಿನ್ ಕೆನ್ನೆಗೇ ಬಾರಿಸಿದ್ಲಾ? … ಹಂಗಾರೆ ಲಕ್ವ ಅಲ್ಲ ಬುಡಪ್ಪ. ಗಟ್ಟಿಮುಟ್ಟಾಗವ್ಳೆ."

…

"ಮತ್ತೇನು? … ಯಾವ ಭಾಷೆ? … ತುಳು ಅಲ್ವಾ? … ಮಲಯಾಳನೂ ಅಲ್ವಾ? … ಅಪ್ಪಾ, ಅವಳು ಅಂದಿದ್ದನ್ನ ಅಂದಂಗೇ ಒಂದ್ಸಲ ಅನ್ನು ನೋಡಣ."

…

"ಇ… ತಾಯ್?"

…

ಮಂಜುಶ್ರೀ ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಇತಾಯ್ ಎಂದರೆ ಜಪಾನಿಯಲ್ಲಿ ನೋವು. ಅಜ್ಜಿಗೆ ಅದನ್ನು ಕಲಿಸಿದವಳು ಅವಳೇ.

ಸಕಲೇಶಪುರದ ಕ್ಲಿನಿಕ್ಕಿನಲ್ಲಿ ಹಗಲು ಕೆಲಸ ಮುಗಿಸಿ, ಸಂಜೆ ಫೋನಿನಲ್ಲಿ ಕದ್ದು ಕ್ಲಾಸು ಕೇಳುತ್ತಿದ್ದ ಅವಳಿಗೆ ಟೀಚರ್ ಹೇಳುತ್ತಿದ್ದುದು ಒಂದೇ ಮಾತು: ದಿನಾ ಯಾರ ಹತ್ತಿರವಾದರೂ ಮಾತಾಡಿ, ಇಲ್ಲದಿದ್ದರೆ ನಾಲಿಗೆ ಹೊರಳುವುದಿಲ್ಲ. ಬೆಳಗೋಡಿನಲ್ಲಿ ಯಾರ ಹತ್ತಿರ? ಮೊದಲು ಕನ್ನಡಿಯ ಮುಂದೆ ಮಾತಾಡಿದಳು. ಕನ್ನಡಿ ತಿರುಗಿ ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿ ಕೂತು ತುಟಿ ಅಲ್ಲಾಡಿಸಿದಳು. ಪಕ್ಕದ ಹೆಂಗಸು, ಇವಳು ಸ್ತೋತ್ರ ಹೇಳುತ್ತಿದ್ದಾಳೆಂದು ತಿಳಿದು ಕೈ ಮುಗಿದಳು. ತೋಟದಲ್ಲಿ ಮೆಣಸಿನ ಬಳ್ಳಿಗೆ ಬೆಳಗಿನ ನಮಸ್ಕಾರ ಹೇಳುವುದನ್ನು ಅವ್ವ ವಿಶಾಲಮ್ಮ ನೋಡಿ, ಇವಳಿಗೆ ಬೇಗ ಮದುವೆ ಮಾಡಬೇಕು ಎಂದಳು. ಕೊನೆಗೆ ಉಳಿದವಳು ಅಜ್ಜಿ. ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದ ಸುಮಿತ್ರಮ್ಮನಿಗೆ ಸ್ನಾನ ಮಾಡಿಸುವಾಗ, ಊಟ ಮಾಡಿಸುವಾಗ, ಮಗ್ಗುಲು ತಿರುಗಿಸುವಾಗ ಮೊಮ್ಮಗಳು ಜಪಾನಿಯಲ್ಲಿ ಕೇಳತೊಡಗಿದಳು: ನೋಯುತ್ತಿದೆಯಾ? ನೀರು ಬಿಸಿಯಾಯಿತಾ? ಸರಿಯಾಗಿ ಉತ್ತರ ಕೊಟ್ಟರೆ ಒಂದು ವೀಳ್ಯದೆಲೆ ಹೆಚ್ಚಿಗೆ ಸಿಗುತ್ತಿತ್ತು. ಎಲೆಯಡಿಕೆಗಾಗಿ ಅಜ್ಜಿ ಯಾವ ದೇಶದ ಭಾಷೆಯನ್ನಾದರೂ ಕಲಿಯುವವಳೇ. ಪಾಠದಲ್ಲಿ ಇಲ್ಲದ್ದನ್ನೂ, ಮುಖ್ಯವಾಗಿ ಬೈಗುಳಗಳನ್ನು, ಕೇಳಿ ಕೇಳಿ ಕಲಿತಳು.

…

"ಇಲ್ಲಪ್ಪ, ಇದೀನಿ ಲೈನಲ್ಲಿ. ಇನ್ನೇನಂದ್ಲು? … ಬಸಮ್ಮಕ್ಕಂಗಾ? ಬಸಮ್ಮಕ್ಕ ಯಾಕೆ ಬಂದಿದ್ಲು? … ಉರು… ಸಾಯ್?"

…

"ಅಯ್ಯೋ, 'ಉರಿದು ಸಾಯಿ' ಅಂತ ಶಾಪ ಹಾಕಿದ್ದಲ್ಲ ಅದು! … ಅಲ್ಲ ಕಣಪ್ಪ. ಪಕ್ಕದ್ಮನೆಯೋರಿಗೆ ನಮ್ಮಜ್ಜಿ ಯಾಕೆ ಅಂಗಂತಾಳೆ? … ಹೂಂ, ಅಂತಾಳೆ. ಆದ್ರೆ ಇವತ್ತು ಅಂದಿಲ್ಲ. ಅದರರ್ಥ… ಸದ್ದು ಜಾಸ್ತಿ ಆಯ್ತು ಅಂತ."

…

"ಬಸಮ್ಮಕ್ಕಂಗೆ ಅಳಬೇಡ ಅನ್ನು. … ನಿಂಗೂ ಅಂದ್ಲಾ? ಏನಂತ? … ಬಕಾಸುರ ಅಂತ ಅಲ್ಲಪ್ಪ, 'ಬಾಕಾ' ಅಂದಿರ್ತಾಳೆ. … ಬಾಕಾ ಅಂದ್ರೆ… ಮುದ್ದಿನ ಮಗ ಅಂತ ಇಟ್ಕೊ."

…

ಬಾಕಾ ಎಂದರೆ ಪೆದ್ದ. ಆದರೆ ಕೆನ್ನೆಗೆ ಪೆಟ್ಟು ತಿಂದ ಅಪ್ಪ ರಾಮಯ್ಯನಿಗೆ ಅದನ್ನೂ ಹೇಳುವುದು ಅನ್ಯಾಯವೆನಿಸಿತು ಅವಳಿಗೆ.

…

"ಏನು? ಯಾರನ್ನ ಕರೆಸ್ತಿದೀರ? … ಹೆಗ್ಗದ್ದೆಯಿಂದ ಮಂತ್ರ ಹಾಕೋರನ್ನಾ? ಬೇವಿನ ಸೊಪ್ಪಲ್ಲಿ ಹೊಡೀತಾರಾ? ಸೊಂಟ ಮುರಿದಿರೋ ಅಜ್ಜಿಗಾ? ಅಪ್ಪಾ, ನಿಂಗೆ ತಲೆ ಕೆಟ್ಟೈತಾ?"

…

"ದೇವೇಂದ್ರಣ್ಣ ಜೀಪ್ ಸ್ಟಾರ್ಟ್ ಮಾಡ್ಬುಟ್ಟವ್ರಾ? ಆಫ್ ಮಾಡಕ್ಕೆ ಹೇಳು. ಈಗ್ಲೇ. ಅಜ್ಜಿಗೆ ಯಾವ ಗಾಳಿನೂ ಮೆಟ್ಟಿಲ್ಲ."

…

"ನಂಗೆಂಗೆ ಗೊತ್ತಾ? ಯಾಕಂದ್ರೆ… ಯಾಕಂದ್ರೆ ಅವಳಿಗೆ ಮೆಟ್ಟಿರೋಳು ನಾನೇ."

…

"ಅದು ಜಪಾನಿ ಭಾಷೆ ಅಪ್ಪಾ. … ಜಪಾನಿ. … ಹೌದು, ಜಪಾನ್ ದೇಶದ್ದು, ಇನ್ನೆಲ್ಲಿದು? … ನಾನೇ ಕಲಿಸಿದ್ದು. ನಾನು ಕಲೀತಾ ಇದ್ನಲ್ಲ, ಮಾತಾಡಕ್ಕೆ ಜನ ಬೇಕಿತ್ತು."

…

"ಯಾಕೆ ಕಲೀತಿದ್ದೆ ಅಂದ್ರೆ…"

ಮೇಲಿನ ಬಾಗಿಲು ತೆರೆಯಿತು. ಮೇಡಂ ತಲೆ ಹೊರಗೆ ಹಾಕಿ ಕೈಗಡಿಯಾರ ತೋರಿಸಿದರು. ಮಂಜುಶ್ರೀ ಎರಡು ಬೆರಳೆತ್ತಿದಳು. ಬಾಗಿಲು ಪೂರ್ತಿ ಮುಚ್ಚಲಿಲ್ಲ.

"ಅಪ್ಪಾ, ನಾನು ಸರ್ಟಿಫಿಕೇಟಿಗೆ ಬಂದಿಲ್ಲ. ಇಂಟರ್‌ವ್ಯೂಗೆ ಬಂದೆ. ಜಪಾನಲ್ಲಿ ವಯಸ್ಸಾದೋರನ್ನ ನೋಡ್ಕೊಳ್ಳೋ ಕೆಲಸ. ಆಯ್ತು. ಸಿಕ್ತು."

…

"ಅಪ್ಪಾ?"

…

"ಅಪ್ಪಾ, ಏನಾರ ಮಾತಾಡು. ಬೈ, ಪರವಾಗಿಲ್ಲ."

…

"ಹೂಂ ಅಪ್ಪ. ಕುಂಡಿ ತೊಳೆಯಕ್ಕೇ. ಮತ್ತೆ ಕ್ಲಿನಿಕ್ಕಲ್ಲಿ ನಾನು ಮಾಡೋದೇನು? ಮನೇಲಿ ನಿಮ್ಮವ್ವಂಗೆ ಮಾಡೋದೇನು? … ಅದೇ ಕೆಲಸ. ಅಲ್ಲಿ ಅದಕ್ಕೊಂದು ಪರೀಕ್ಷೆ ಇಟ್ಟವ್ರೆ, ಪಾಸಾದೋರಿಗೆ ಬಗ್ಗಿ ನಮಸ್ಕಾರ ಮಾಡ್ತಾರೆ, ಅಷ್ಟೇ ವ್ಯತ್ಯಾಸ."

…

"ಊರೋರು ಏನಂತಾರೆ ಅಂತಾನಾ? ಊರೋರು ಈಗ ಅಲ್ಲೇ ಅವ್ರಲ್ಲ, ಕೇಳು. … ಸ್ಪೀಕರ್ ಹಾಕಿದೀಯಾ? ಯಾವಾಗಿಂದ? … ಬಸಮ್ಮಕ್ಕ, ಚೆನ್ನಾಗಿದೀರಾ?"

…

"ಹೇಳ್ಬೇಕಿತ್ತು. ಹೌದು, ತಪ್ಪಾಯ್ತು. ಹೇಳಿದ್ರೆ ಬೇಡ ಅಂತಿದ್ದೆ ನೀನು. ಕಲಿಯಕ್ಕೆ ಮುಂಚೇನೇ ಬೇಡ ಅನ್ನಿಸ್ಕೊಳ್ಳೋದು ನಂಗಿಷ್ಟ ಇರ್ಲಿಲ್ಲ. … ಅಳ್ತಿಲ್ಲಪ್ಪ. ಇಲ್ಲಿ ಕೆಳಗೆ ಬೇಕರಿ ಐತೆ, ಹೊಗೆ."

…

"ಅವ್ವ ಏನಂತಾಳೆ? … 'ಮಜುಯಿ' ಅಂದ್ರೇನು ಅಂತಾನಾ? ಅಜ್ಜಿ ಯಾವಾಗ ಅಂದ್ಲು? … ಬೆಳಿಗ್ಗೆ ಅಕ್ಕಿರೊಟ್ಟಿ ಕೊಟ್ಟಾಗ್ಲಾ? … ರುಚಿಯಾಗೈತೆ ಅಂತ ಕಣವ್ವ."

ಮಜುಯಿ ಎಂದರೆ ರುಚಿಯೇ ಇಲ್ಲ ಎಂದರ್ಥ.

…

"ದಿನಾ ಅಂತಾಳಾ? ಹಂಗಾರೆ ದಿನಾ ರುಚಿಯಾಗಿರ್ತೈತೆ. … ಅವ್ವ, ಫೋನ್ ಅಜ್ಜಿ ಕೈಗೆ ಕೊಡು. ಸ್ಪೀಕರ್ ತೆಗಿ."

…

"ಅಜ್ಜಿ? … ಸಾಕು, ಕನ್ನಡದಲ್ಲಿ ಮಾತಾಡು. ಎಲ್ರಿಗೂ ಗೊತ್ತಾಯ್ತು. ಅವರು ಹೊಡೀತಿದ್ರು ನಿಂಗೆ, ಗೊತ್ತಾ? ಬಾಯಿ ಮುಚ್ಕೊಂಡು ಒಂದಿನ ಇರಕ್ಕಾಗ್ಲಿಲ್ವಾ?"

…

"ಬೇಕಂತ್ಲೇ ಮಾಡಿದ್ಯಾ? … ನಾನಾಗೇ ಮನೇಲಿ ಬಾಯಿ ಬಿಡಲ್ಲ ಅಂತಾನಾ?"

…

"ಇವತ್ತು ಇಂಟರ್‌ವ್ಯೂ ಅಂತ ನಿಂಗ್ಯಾರು ಹೇಳಿದ್ರು? … ನಾನಾ? ನಿದ್ದೇಲಿ ಬಡಬಡಿಸ್ತಿದ್ನಾ? … ಯಾವ ಭಾಷೇಲಿ? … ಥೂ, ನಗಬೇಡ."

…

"ಮೊದಲ್ನೇ ವಾರದಲ್ಲೇ ಗೊತ್ತಾಯ್ತಾ? ಹೆಂಗೆ? … ಹಾಂ. … ಹಾಂ. 'ನೋವಾಯ್ತಾ, ಉಚ್ಚೆ ಬಂತಾ' ಅನ್ನೋದನ್ನ ಯಾರೂ ತಮಾಷೆಗೆ ಕಲಿಯಲ್ಲ ಅಂತಾನಾ? … ನಿಜ."

ಅವಳು ಎದ್ದು ಗೋಡೆಯ ಕಡೆ ತಿರುಗಿ ನಿಂತಳು. ಮೆಟ್ಟಿಲಿಳಿದು ಹೋಗುತ್ತಿದ್ದ ಇನ್ನೊಬ್ಬ ಅಭ್ಯರ್ಥಿ ಅವಳ ಮುಖ ನೋಡಿ, ಪಾಪ, ಆಯ್ಕೆ ಆಗಲಿಲ್ಲವೆಂದು ತಿಳಿದು ಬೆನ್ನು ತಟ್ಟಿ ಹೋದಳು.

"ಧೈರ್ಯ ಬರ್ಲಿಲ್ಲ ಅಜ್ಜಿ. … ಅಪ್ಪಂಗಲ್ಲ, ಅವನಿಗೆ ಹೇಳ್ಬೋದಿತ್ತು. ನಿಂಗೆ ಹೇಳಕ್ಕೇ ಭಯ. ನಿನ್ ಮೈ ಮೇಲೇ ಎಲ್ಲಾ ಕಲಿತು, ನಿನ್ನನ್ನೇ ಬುಟ್ಟು, ಇನ್ಯಾರ್ದೋ ಅಜ್ಜೀನ ನೋಡ್ಕೊಳ್ಳಕ್ಕೆ ಹೋಗ್ತೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

…

ಆ ಕಡೆ ಕೋಳಿಯೊಂದು ಕೂಗಿತು. ಜೀಪಿನ ಸದ್ದು ನಿಂತಿತ್ತು. ಅಜ್ಜಿಯ ಉಸಿರಾಟ ಮಾತ್ರ ಫೋನಿನೊಳಗಿಂದ ಬರುತ್ತಿತ್ತು. ಎಲೆಯಡಿಕೆ ಅಗಿಯುವುದನ್ನೂ ಅವಳು ನಿಲ್ಲಿಸಿದ್ದಳು.

…

"ಮೂರು ವರ್ಷ ಅಜ್ಜಿ. ಮಧ್ಯದಲ್ಲಿ ಒಂದ್ಸಲ ರಜ ಕೊಡ್ತಾರಂತೆ."

…

"ಅಂಗೆಲ್ಲ ಅನ್ನಬೇಡ. … ತಡ್ಕೊಂಡಿರ್ತೀಯಾ? ಸಾಯೋದನ್ನ ತಡ್ಕೊಳ್ಳಕ್ಕೆ ಅದೇನು ಉಚ್ಚೆನಾ ಅಜ್ಜಿ?"

…

ನಗು ಬಂದದ್ದು ಯಾರಿಗೆ ಮೊದಲು ಎಂದು ಹೇಳುವುದು ಕಷ್ಟ. ಮಂಜುಶ್ರೀ ದುಪಟ್ಟಾದಲ್ಲಿ ಮೂಗು ಒರೆಸಿಕೊಂಡು ನಕ್ಕಳು. ಆ ಕಡೆಯ ನಗು ಕೆಮ್ಮಾಗಿ, ಕೆಮ್ಮು ಬೈಗುಳವಾಗಿ, ಕೊನೆಗೆ ಯಾರೋ ನೀರು ತಂದುಕೊಟ್ಟ ಸದ್ದಾಯಿತು.

…

"ನಿನ್ನ ಎತ್ತಿ ಕೂರಿಸೋರು ಯಾರು ಮತ್ತೆ? ಅವ್ವಂಗೆ ಸೊಂಟನೋವು. … ಅಪ್ಪನಾ? ಅವನೇ ಅಂದ್ನಾ? … ಈಗ? ನಿನ್ ಪಕ್ಕ ಕೂತ್ಕೊಂಡು? … ಅವನಿಗೆ ಬರಲ್ಲ ಅಜ್ಜಿ, ತೋಳಿನ ಕೆಳಗೆ ಕೈ ಹಾಕ್ಬೇಕು, ರಟ್ಟೆ ಹಿಡಿದು ಎಳೀಬಾರ್ದು. ನಾನು ಹೊರಡೋದ್ರೊಳಗೆ ಕಲಿಸ್ತೀನಿ. … ಬೇಡ, ಕೆನ್ನೆಗೆ ಹೊಡ್ದು ಕಲಿಸಬೇಡ, ಬಾಯಲ್ಲಿ ಹೇಳು."

…

"ನಾನಿಲ್ಲಿ ಮೆಟ್ಟಿಲ ಮೇಲೆ ನಿಂತಿದೀನಿ. ಅವರು ಕಾಯ್ತಾವ್ರೆ. ಏನನ್ಲಿ? ನೀನು ಬೇಡ ಅಂದ್ರೆ ಬೇಡ ಅಂತೀನಿ, ನಿಜವಾಗ್ಲೂ."

…

"ಇನ್ನೊಂದ್ಸಲ ಹೇಳು? … ಏನು, ನಾಲಿಗೆ ಹೊರಳಿಸ್ಕೊಂಡು ಅಷ್ಟೆಲ್ಲ ಕಲ್ತಿದ್ದು ವೇಸ್ಟ್ ಮಾಡಕ್ಕಾ? … ನಿನ್ ನಾಲಿಗೆಯಾ? … ಹೂಂ. ಹೂಂ ಅಜ್ಜಿ."

ಬಾಗಿಲು ಮತ್ತೆ ತೆರೆದುಕೊಂಡಿತು. ಮಂಜುಶ್ರೀ ಫೋನನ್ನು ಎದೆಗೆ ಒತ್ತಿಕೊಂಡು ಮೇಲಕ್ಕೆ ನೋಡಿದಳು.

"ಬರ್ತೀನಿ ಅಂತ ಹೇಳ್ಬುಡಿ ಮೇಡಂ. … ಹೌದು, ಮನೇಲಿ ಒಪ್ಪಿದ್ರು. ಒಂದೇ ನಿಮಿಷ, ಸೈನ್ ಮಾಡಕ್ಕೆ ಬಂದೆ."

ಮತ್ತೆ ಫೋನು ಕಿವಿಗೆ.

"ಅಜ್ಜಿ, ಹೇಳ್ಬುಟ್ಟೆ. … ಹಾಂ? … ಅಲ್ಲಿ ಮನೆ ಬುಟ್ಟು ಹೊರಡುವಾಗ ಏನಂತಾರೆ ಅಂತಾನಾ? ಅದೊಂದನ್ನ ನಿಂಗೆ ಕಲಿಸೇ ಇಲ್ಲ. … ಕಲಿಸಕ್ಕೆ ಆಗ್ಲಿಲ್ಲ, ಬುಡು. 'ಇತ್ತೆಕಿಮಾಸು' ಅಂತಾರೆ. … ಅವರೂ ಬರೀ 'ಹೋಗ್ತೀನಿ' ಅನ್ನಲ್ಲ ಅಜ್ಜಿ, ನಮ್ಮಂಗೇ. ಹೋಗಿ ಬರ್ತೀನಿ ಅಂತ."

…

"ಮನೇಲಿ ಉಳಿಯೋರು ಅನ್ನೋದಾ? ಅದಕ್ಕೂ ಒಂದೈತೆ. 'ಇತ್ತೆರಾಶ್ಶಾಯ್'. ಹೋಗಿ ಬಾ ಅಂತ. … ಅಲ್ಲ, ಇತ್ತೆ… ರಾಶ್ಶಾಯ್. … 'ಎತ್ತು ರಾಶಿ' ಅಲ್ಲ ಅಜ್ಜಿ! … ಕೊನೇಗೆ 'ಸಾಯ್' ಅಲ್ಲ, ಬಸಮ್ಮಕ್ಕ ಮತ್ತೆ ಅಳ್ತಾಳೆ. 'ಶ್ಶಾಯ್'. … ಹಾಂ, ಹತ್ರ ಬಂತು. ಅಪ್ಪಂಗೂ ಅನ್ನಕ್ಕೆ ಹೇಳು. … ಇಬ್ರೂ ಒಟ್ಟಿಗೆ ಅನ್ನಿ, ಕೇಳ್ತೀನಿ. … ಅಪ್ಪಾ, ಜೋರಾಗಿ. … ಅಪ್ಪಾ? … ಕೇಳ್ತಿಲ್ಲ, ಟವರ್ ಹೋಗ್ತೈತೆ, ಇನ್ನೊಂ… ಹಲೋ? ಅಜ್ಜೀ? ಹಲೋ…"